ಲಾಭ ಮೇಲಕ್ಕೆ, ಹೊಣೆ ಕೆಳಕ್ಕೆ

ಕಾನೂನಿನ ಕಣ್ಣಿಗೆ ಕಂಪನಿಯೂ ಒಬ್ಬ ವ್ಯಕ್ತಿ. ಅದು ಆಸ್ತಿ ಮಾಡಬಹುದು, ಸಾಲ ಎತ್ತಬಹುದು, ದಾವೆ ಹೂಡಬಹುದು. ಅದರ ಮೇಲೆ ಬೇರೆಯವರೂ ದಾವೆ ಹೂಡಬಹುದು. ಆದರೆ ಕಂಪನಿ ಬೇರೆ, ಅದರ ಷೇರುದಾರರು ಬೇರೆ. ಕಂಪನಿ ಮುಳುಗಿದರೆ ಷೇರುದಾರ ತಾನು ಹೂಡಿದ ಹಣವನ್ನಷ್ಟೇ ಕಳೆದುಕೊಳ್ಳುತ್ತಾನೆ. ಅವನ ಮನೆ, ಹೊಲ, ಒಡವೆ ಯಾರ ಪಾಲಾಗುವುದೂ ಇಲ್ಲ. 1896ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಸಾಲೊಮನ್ ಎಂಬ ಬೂಟು ವ್ಯಾಪಾರಿಯ ಪ್ರಕರಣದಲ್ಲಿ ಈ ತತ್ವವನ್ನು ಗಟ್ಟಿಗೊಳಿಸಿತು. ಭಾರತವೂ ಸೇರಿ ಹಲವು ದೇಶಗಳ ಕಂಪನಿ ಕಾನೂನು ಅದೇ ದಾರಿಯಲ್ಲಿ ಬೆಳೆದಿದೆ. ಮುಖಪರಿಚಯವೇ ಇಲ್ಲದ ಸಾವಿರಾರು ಜನ ಹಣ ಸೇರಿಸಿ ರೈಲುಮಾರ್ಗ, ಗಿರಣಿ, ಹಡಗು ಕಟ್ಟಬೇಕಾದರೆ ಇಂಥದೊಂದು ರಕ್ಷಣೆ ಬೇಕೇ ಬೇಕಿತ್ತು.

ಕಂಪನಿಯೇ ಮತ್ತೊಂದು ಕಂಪನಿಯ ಷೇರುದಾರ ಆದಾಗ ತೊಡಕು ಶುರುವಾಯಿತು. ಸಣ್ಣ ಉಳಿತಾಯಗಾರನಿಗೆಂದು ಹುಟ್ಟಿದ ರಕ್ಷಣೆ ದೈತ್ಯ ಉದ್ಯಮಗಳಿಗೂ ಸಿಕ್ಕಿತು. ಲಂಡನ್‌ನಲ್ಲೋ ನ್ಯೂಯಾರ್ಕ್‌ನಲ್ಲೋ ಇರುವ ಮೂಲ ಕಂಪನಿ ಪ್ರತಿ ದೇಶದಲ್ಲೂ ಒಂದೊಂದು ಅಂಗಸಂಸ್ಥೆ ತೆರೆಯುತ್ತದೆ. ತಂತ್ರಜ್ಞಾನ, ಬಂಡವಾಳ, ಮುಖ್ಯ ನಿರ್ಧಾರಗಳು ಮೇಲಿನಿಂದ ಕೆಳಗೆ ಬರುತ್ತವೆ, ಲಾಭಾಂಶ ಕೆಳಗಿನಿಂದ ಮೇಲೆ ಹೋಗುತ್ತದೆ. ಕಾರ್ಖಾನೆಯ ಸುತ್ತಲಿನ ಜನ ಸತ್ತಾಗ, ನದಿ ಕೆಟ್ಟಾಗ ಮಾತ್ರ ‘ಅದು ಬೇರೆಯೇ ಕಂಪನಿ, ನಾವು ಬರೀ ಷೇರುದಾರರು’ ಎಂಬ ಉತ್ತರ ಬರುತ್ತದೆ. ಉದ್ಯಮಗಳನ್ನು ಮಾನವ ಹಕ್ಕುಗಳ ಉಲ್ಲಂಘನೆಗೆ ಹೊಣೆಯಾಗಿಸುವ ಯತ್ನಗಳೆಲ್ಲ ಮೊದಲು ಎಡವುವುದು ಈ ಉತ್ತರದ ಮುಂದೆಯೇ.

ಎರಡನೆಯ ತೊಡಕು ಅಂತರರಾಷ್ಟ್ರೀಯ ಕಾನೂನಿನದು. 1948ರ ಸಾರ್ವತ್ರಿಕ ಮಾನವ ಹಕ್ಕುಗಳ ಘೋಷಣೆಯ ನಂತರ ಬಂದ ಒಪ್ಪಂದಗಳಿಗೆಲ್ಲ ಸಹಿ ಹಾಕಿದ್ದು ಸರ್ಕಾರಗಳು. ಪ್ರಜೆಗಳ ಹಕ್ಕು ಕಾಯುವ ಕರ್ತವ್ಯವೂ ಸರ್ಕಾರಗಳದ್ದೇ. ಕಂಪನಿ ಯಾವ ಒಪ್ಪಂದಕ್ಕೂ ಪಕ್ಷಕಾರ ಅಲ್ಲ. ಬಂಡವಾಳಕ್ಕಾಗಿ ಕೈಚಾಚಿ ನಿಂತ ಬಡ ದೇಶದ ಸರ್ಕಾರ ಕಣ್ಣು ಮುಚ್ಚಿಕೊಂಡರೆ, ಅಥವಾ ತಾನೇ ಕಂಪನಿಯ ಪಾಲುದಾರ ಆಗಿದ್ದರೆ, ಸಂತ್ರಸ್ತರಿಗೆ ಹೋಗಲು ಬಾಗಿಲೇ ಇರುವುದಿಲ್ಲ.

ಇವೆರಡೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಭೋಪಾಲಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಲ್ಲಿನ ಕೀಟನಾಶಕ ಕಾರ್ಖಾನೆ ಯೂನಿಯನ್ ಕಾರ್ಬೈಡ್ ಇಂಡಿಯಾ ಲಿಮಿಟೆಡ್‌ಗೆ ಸೇರಿತ್ತು. ಅದರ 50.9 ಶೇಕಡಾ ಷೇರು ಅಮೆರಿಕದ ಯೂನಿಯನ್ ಕಾರ್ಬೈಡ್ ಕಾರ್ಪೊರೇಷನ್ ಕೈಯಲ್ಲಿತ್ತು. ‘ಸೆವಿನ್’ ಎಂಬ ಕೀಟನಾಶಕ ತಯಾರಿಸಲು ಮೀಥೈಲ್ ಐಸೊಸಯನೇಟ್ ಎಂಬ ಘೋರ ವಿಷವನ್ನು ಅಲ್ಲಿ ಟನ್‌ಗಟ್ಟಲೆ ಸಂಗ್ರಹಿಸಿ ಇಡಲಾಗುತ್ತಿತ್ತು. 1982ರ ಮೇ ತಿಂಗಳಲ್ಲಿ ಅಮೆರಿಕದ ಮೂಲ ಕಂಪನಿಯ ತಜ್ಞರ ತಂಡವೇ ಬಂದು ಸುರಕ್ಷತೆಯ ಲೋಪಗಳನ್ನು ಪಟ್ಟಿ ಮಾಡಿ ಹೋಗಿತ್ತು. ಅದೇ ವರ್ಷ ಭೋಪಾಲದ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ತಮ್ಮ ಸಣ್ಣ ವಾರಪತ್ರಿಕೆಯಲ್ಲಿ ಸಾಲು ಸಾಲಾಗಿ ಎಚ್ಚರಿಕೆಯ ಲೇಖನಗಳನ್ನು ಬರೆದರು. ಯಾರೂ ಕಿವಿಗೊಡಲಿಲ್ಲ. ಕಾರ್ಖಾನೆ ನಷ್ಟದಲ್ಲಿತ್ತು, ಖರ್ಚು ಕಡಿತ ನಡೆದಿತ್ತು.

1984ರ ಡಿಸೆಂಬರ್ 2ರ ರಾತ್ರಿ ಇ610 ಸಂಖ್ಯೆಯ ತೊಟ್ಟಿಗೆ ನೀರು ಸೇರಿತು. ತೊಟ್ಟಿಯಲ್ಲಿದ್ದ ಸುಮಾರು 40 ಟನ್ ರಾಸಾಯನಿಕ ಕುದಿಯತೊಡಗಿತು. ಅದನ್ನು ತಣ್ಣಗಿಡಬೇಕಿದ್ದ ಶೀತಲೀಕರಣ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಕ್ಷಾರದಲ್ಲಿ ತೊಳೆಯುವ ಸ್ಕ್ರಬರ್ ಆ ಪ್ರಮಾಣವನ್ನು ತಡೆಯುವ ಸ್ಥಿತಿಯಲ್ಲಿರಲಿಲ್ಲ. ಅನಿಲವನ್ನು ಸುಟ್ಟು ಹಾಕುವ ಚಿಮಣಿಗೆ ಹೋಗುವ ಕೊಳವೆಯ ತುಂಡೊಂದನ್ನು ದುರಸ್ತಿಗೆಂದು ಬಿಚ್ಚಿಟ್ಟಿದ್ದರು. ಒಂದು ವ್ಯವಸ್ಥೆ ಕೈಕೊಟ್ಟರೆ ಇನ್ನೊಂದು ಕಾಪಾಡಲಿ ಎಂದು ಇಟ್ಟಿದ್ದ ಮೂರೂ ಆ ರಾತ್ರಿ ನಿರುಪಯುಕ್ತವಾಗಿದ್ದವು. ಗೋಡೆಯಾಚೆಯ ಜೆ.ಪಿ. ನಗರ, ಕಾಜಿ ಕ್ಯಾಂಪ್‌ಗಳಲ್ಲಿ ಮಲಗಿದ್ದ ಜನ ಕಣ್ಣುರಿ, ಕೆಮ್ಮು, ಉಸಿರುಕಟ್ಟಿನಿಂದ ಎದ್ದು ಓಡಿದರು. ಬೀಸುತ್ತಿದ್ದುದು ಯಾವ ಅನಿಲ, ಅದಕ್ಕೆ ಮದ್ದೇನು ಎಂಬುದು ಆಸ್ಪತ್ರೆಯ ವೈದ್ಯರಿಗೂ ಗೊತ್ತಿರಲಿಲ್ಲ. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಳ್ಳಿ ಎಂದು ಹೇಳುವವರಿದ್ದರೂ ಎಷ್ಟೋ ಜೀವ ಉಳಿಯುತ್ತಿತ್ತು. ಅಧಿಕೃತವಾಗಿ ಪರಿಹಾರ ಪಡೆದ ಸಾವುಗಳ ಸಂಖ್ಯೆ 5,295. ನಂತರದ ವರ್ಷಗಳಲ್ಲಿ ನರಳಿ ಸತ್ತವರನ್ನು ಸೇರಿಸಿದರೆ ಅದು ಹಲವು ಪಟ್ಟು ಹೆಚ್ಚು ಎಂದು ಸಂತ್ರಸ್ತರ ಸಂಘಟನೆಗಳು ಹೇಳುತ್ತ ಬಂದಿವೆ.

ಆಮೇಲೆ ನಡೆದ ಕಾನೂನು ಹೋರಾಟ ದುರಂತದಷ್ಟೇ ಪಾಠ ಕಲಿಸುವಂಥದು. 1985ರಲ್ಲಿ ಸಂಸತ್ತು ಕಾಯಿದೆ ತಂದು, ಎಲ್ಲ ಸಂತ್ರಸ್ತರ ಪರವಾಗಿ ದಾವೆ ಹೂಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಮಾತ್ರ ಕೊಟ್ಟಿತು. ಸರ್ಕಾರ ನ್ಯೂಯಾರ್ಕ್‌ನ ನ್ಯಾಯಾಲಯಕ್ಕೆ ಹೋಯಿತು. ಮೂಲ ಕಂಪನಿ ಇರುವುದು ಅಲ್ಲಿ, ಹಣ ಇರುವುದು ಅಲ್ಲಿ, ಕಾರ್ಖಾನೆಯ ವಿನ್ಯಾಸದ ಕಡತಗಳಿರುವುದೂ ಅಲ್ಲಿ ಎಂಬುದು ಅದರ ಲೆಕ್ಕ. 1986ರ ಮೇ ತಿಂಗಳಲ್ಲಿ ನ್ಯಾಯಾಧೀಶ ಜಾನ್ ಕೀನನ್ ಪ್ರಕರಣವನ್ನು ಭಾರತಕ್ಕೆ ಮರಳಿಸಿದರು. ಸಾಕ್ಷಿಗಳು ಭಾರತದಲ್ಲಿದ್ದಾರೆ, ಅಲ್ಲಿನ ನ್ಯಾಯಾಲಯಗಳು ಸಮರ್ಥವಾಗಿವೆ ಎಂದು ಅವರು ಕಾರಣ ಕೊಟ್ಟರು. ಕೇಳುವುದಕ್ಕೆ ಗೌರವದ ಮಾತು. ಆದರೆ ಅದರಿಂದ ಅನುಕೂಲವಾದದ್ದು ಕಂಪನಿಗೆ. ಅಮೆರಿಕದ ತೀರ್ಪುಗಾರರ ಮಂಡಳಿ ವಿಧಿಸಬಹುದಾಗಿದ್ದ ಭಾರಿ ಪರಿಹಾರದ ಭಯ ಅಲ್ಲಿಗೆ ಮುಗಿಯಿತು.

ಭಾರತದಲ್ಲಿ ಭೋಪಾಲದ ಜಿಲ್ಲಾ ನ್ಯಾಯಾಲಯ 1987ರ ಡಿಸೆಂಬರ್‌ನಲ್ಲಿ 350 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಲು ಕಂಪನಿಗೆ ಆದೇಶಿಸಿತು. 1988ರಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಮೊತ್ತವನ್ನು 250 ಕೋಟಿಗೆ ಇಳಿಸಿತಾದರೂ, ಅದಕ್ಕಿಂತ ಮಹತ್ವದ ಮಾತೊಂದನ್ನು ಹೇಳಿತು: ಅಂಗಸಂಸ್ಥೆಯ ಮೇಲೆ ಹಿಡಿತವಿದ್ದುದರಿಂದ ಅಮೆರಿಕದ ಮೂಲ ಕಂಪನಿಯೇ ಇದಕ್ಕೆ ಹೊಣೆ. ಈ ಮಾತು ಸುಪ್ರೀಂ ಕೋರ್ಟಿನಲ್ಲಿ ಪರೀಕ್ಷೆಗೊಳಗಾಗಿ ನಿಂತಿದ್ದರೆ ಜಗತ್ತಿಗೇ ಮೇಲ್ಪಂಕ್ತಿ ಆಗುತ್ತಿತ್ತು. ಅಷ್ಟರಲ್ಲಿ 1989ರ ಫೆಬ್ರವರಿ 14ರಂದು ರಾಜಿ ಆಯಿತು. 300 ಕೋಟಿ ಡಾಲರ್‌ಗೂ ಹೆಚ್ಚು ಕೇಳಿದ್ದ ಸರ್ಕಾರ 47 ಕೋಟಿ ಡಾಲರ್‌ಗೆ ಒಪ್ಪಿಕೊಂಡಿತು. ಒಪ್ಪುವ ಮೊದಲು ಸಂತ್ರಸ್ತರನ್ನು ಕೇಳಲಿಲ್ಲ. ಗಾಯಗೊಂಡವರು ಸುಮಾರು 1 ಲಕ್ಷ ಎಂಬ ಅಂದಾಜಿನ ಮೇಲೆ ಆ ಮೊತ್ತ ನಿಗದಿಯಾಗಿತ್ತು. ಕೊನೆಗೆ ಪರಿಹಾರಕ್ಕೆ ಅರ್ಹರೆಂದು ತೀರ್ಮಾನವಾದವರು 5 ಲಕ್ಷ 70 ಸಾವಿರಕ್ಕೂ ಹೆಚ್ಚು. ಬಹುಪಾಲು ಜನರ ಕೈಗೆ ಮೊದಲು ಬಂದದ್ದು 25 ಸಾವಿರ ರೂಪಾಯಿ, ಎಷ್ಟೋ ವರ್ಷದ ಮೇಲೆ ಇನ್ನೊಂದು 25 ಸಾವಿರ. ಶ್ವಾಸಕೋಶ ಕಳೆದುಕೊಂಡು ದುಡಿಯಲಾರದೆ ಕೂತವನಿಗೆ ಇಡೀ ಜೀವನಕ್ಕೆ ಸಿಕ್ಕಿದ್ದು ಇಷ್ಟು. ಇದನ್ನು ನ್ಯಾಯ ಎಂದು ಕರೆಯಲಾಗದು.

ಕ್ರಿಮಿನಲ್ ಪ್ರಕರಣದ ಕಥೆ ಇನ್ನೂ ನೋವಿನದು. ಮೂಲ ಕಂಪನಿಯ ಅಧ್ಯಕ್ಷ ವಾರನ್ ಆಂಡರ್ಸನ್ ದುರಂತದ ನಾಲ್ಕೇ ದಿನಕ್ಕೆ ಭೋಪಾಲಕ್ಕೆ ಬಂದಾಗ ಬಂಧನಕ್ಕೊಳಗಾದರು, ಅಂದೇ ಜಾಮೀನು ಪಡೆದು ಹೊರಟರು, ಮತ್ತೆಂದೂ ವಿಚಾರಣೆಗೆ ಬರಲಿಲ್ಲ. 1992ರಲ್ಲಿ ನ್ಯಾಯಾಲಯ ಅವರನ್ನು ತಲೆಮರೆಸಿಕೊಂಡ ಆರೋಪಿ ಎಂದು ಘೋಷಿಸಿತು. ಅವರು 2014ರಲ್ಲಿ ಅಮೆರಿಕದಲ್ಲೇ ತೀರಿಕೊಂಡರು. 1996ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯ ಆರೋಪಿಗಳ ಮೇಲಿದ್ದ, ಕೊಲೆಯಲ್ಲದ ನರಹತ್ಯೆಯ ಆರೋಪವನ್ನು ನಿರ್ಲಕ್ಷ್ಯದಿಂದಾದ ಸಾವಿನ ಆರೋಪಕ್ಕೆ ಇಳಿಸಿತು. ಅಂದರೆ ಅಜಾಗರೂಕ ಚಾಲನೆಯಿಂದ ದಾರಿಹೋಕನೊಬ್ಬನನ್ನು ಕೊಂದವನಿಗೆ ಹಾಕುವ ಕಲಮು. 2010ರ ಜೂನ್ 7ರಂದು ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷ ಶಿಕ್ಷೆ ಆಯಿತು. ಅಂದೇ ಜಾಮೀನೂ ಸಿಕ್ಕಿತು. ಭಾರತದ ಕಂಪನಿಗೆ ಬಿದ್ದ ದಂಡ ಸುಮಾರು 5 ಲಕ್ಷ ರೂಪಾಯಿ. ಹೆಚ್ಚುವರಿಯಾಗಿ ಏಳು ಸಾವಿರ ಕೋಟಿಗೂ ಮಿಕ್ಕಿ ಪರಿಹಾರ ಕೇಳಿ ಕೇಂದ್ರ ಸರ್ಕಾರ ಸಲ್ಲಿಸಿದ ಕ್ಯುರೇಟಿವ್ ಅರ್ಜಿಯನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2023ರ ಮಾರ್ಚ್‌ನಲ್ಲಿ ವಜಾ ಮಾಡಿತು. ಮುಂದೆ ಹಣ ಸಾಲದೆ ಬಂದರೆ ಇರಲಿ ಎಂದು ತಾನು 1991ರಲ್ಲಿ ಹೇಳಿದ್ದ ವಿಮೆಯನ್ನು ಸರ್ಕಾರ ಮಾಡಿಸಲೇ ಇಲ್ಲ ಎಂದು ಅದು ಸರ್ಕಾರವನ್ನೇ ತರಾಟೆಗೆ ತೆಗೆದುಕೊಂಡಿತು. ಈ ನಡುವೆ ಭಾರತದ ಅಂಗಸಂಸ್ಥೆ 1994ರಲ್ಲಿ ಮಾರಾಟವಾಗಿ ಹೆಸರು ಬದಲಿಸಿಕೊಂಡಿತ್ತು. 2001ರಲ್ಲಿ ಮೂಲ ಕಂಪನಿ ಡೌ ಕೆಮಿಕಲ್‌ನ ಪಾಲಾಗಿತ್ತು. ದೂರು ಕೊಡುವವರು ಅದೇ ಓಣಿಯಲ್ಲಿ ಉಳಿದರು. ಎದುರು ಪಕ್ಷದ ಹೆಸರು, ವಿಳಾಸ, ಮಾಲೀಕರು ಬದಲಾಗುತ್ತ ಹೋದರು.

ಭೋಪಾಲದ ನೆರಳಿನಲ್ಲೇ ಭಾರತದ ಕಾನೂನಿಗೆ ಒಂದು ಬಲವಾದ ತತ್ವ ಸಿಕ್ಕಿತು ಎಂಬುದನ್ನೂ ಹೇಳಬೇಕು. 1985ರ ಡಿಸೆಂಬರ್ 4ರಂದು ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ನೇತೃತ್ವದ ಪೀಠ ಮರುವರ್ಷ ತೀರ್ಪು ಕೊಟ್ಟಿತು. ಅಪಾಯಕಾರಿ ಉದ್ದಿಮೆ ನಡೆಸುವವರು ಅದರಿಂದಾದ ಹಾನಿಗೆ ಪೂರ್ತಿ ಹೊಣೆ. ಎಚ್ಚರ ವಹಿಸಿದ್ದೆವು, ದೈವಾಧೀನ, ಮೂರನೆಯವರ ಕೈವಾಡ ಎಂಬ ಯಾವ ಸಬೂಬೂ ನಡೆಯದು ಎಂದು ಅದು ಸಾರಿತು. ಇಂಗ್ಲೆಂಡಿನ 19ನೇ ಶತಮಾನದ ನಿಯಮ ಇಂಥ ಸಬೂಬುಗಳಿಗೆ ಜಾಗ ಬಿಟ್ಟಿತ್ತು. ಉದ್ದಿಮೆ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದಿರಬೇಕು ಎಂದೂ ಪೀಠ ಹೇಳಿತು. 2020ರ ಮೇ 7ರಂದು ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ ಸ್ಟೈರೀನ್ ಸೋರಿ ಜನ ಸತ್ತಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮರುದಿನವೇ 50 ಕೋಟಿ ರೂಪಾಯಿ ಠೇವಣಿ ಇಡಿಸಿದ್ದು ಇಂಥ ಚಿಂತನೆ ಬೇರೂರಿದ್ದರ ಫಲ. ಹೊಣೆ ಎಷ್ಟು ಎಂಬ ಪ್ರಶ್ನೆಗೆ ಭಾರತ ಹೀಗೆ ದಿಟ್ಟ ಉತ್ತರ ಕೊಟ್ಟಿತು. ಹೊಣೆ ಯಾರದು, ಕಡಲಾಚೆಯ ಮೂಲ ಕಂಪನಿಯದೂ ಹೌದೇ ಎಂಬ ಪ್ರಶ್ನೆ ಮಾತ್ರ 1989ರ ರಾಜಿಯಲ್ಲಿ ಹೂತುಹೋಯಿತು.

ಆ ಪ್ರಶ್ನೆಯನ್ನು ಮತ್ತೆ ಎತ್ತಿದ್ದು ಬೇರೆ ದೇಶಗಳ ನ್ಯಾಯಾಲಯಗಳು. ಅಮೆರಿಕದಲ್ಲಿ 1789ರ ಹಳೆಯ ಕಾನೂನೊಂದನ್ನು ಹಿಡಿದು ಹೊರದೇಶದ ಸಂತ್ರಸ್ತರು ದಾವೆ ಹೂಡತೊಡಗಿದ್ದರು. ನೈಜೀರಿಯಾದ ಒಗೋನಿ ಪ್ರದೇಶದಲ್ಲಿ ತೈಲ ಮಾಲಿನ್ಯದ ವಿರುದ್ಧ ಹೋರಾಡಿದ ಲೇಖಕ ಕೆನ್ ಸಾರೊ-ವೀವಾ ಅವರನ್ನು ಅಲ್ಲಿನ ಸೇನಾ ಸರ್ಕಾರ 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು. ಅದರಲ್ಲಿ ಶೆಲ್ ಕಂಪನಿಯ ಪಾತ್ರವಿತ್ತು ಎಂದು ಅವರ ಕುಟುಂಬ ಆರೋಪಿಸಿತು. ಕಂಪನಿ ತಪ್ಪನ್ನು ಒಪ್ಪಿಕೊಳ್ಳದೆ 2009ರಲ್ಲಿ 1.55 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆದರೆ 2013, 2018 ಮತ್ತು 2021ರ ತೀರ್ಪುಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಬಾಗಿಲನ್ನು ಬಹುತೇಕ ಮುಚ್ಚಿಬಿಟ್ಟಿತು. ಉಳಿದ ಕಿಂಡಿಯಿಂದಲೂ ಕೆಲವರು ಗೆದ್ದದ್ದುಂಟು. ಕೊಲಂಬಿಯಾದ ಖಾಸಗಿ ಸಶಸ್ತ್ರ ಪಡೆಗೆ ಹಣ ಕೊಟ್ಟಿದ್ದ ಬಾಳೆಹಣ್ಣಿನ ಕಂಪನಿ ಚಿಕೀಟಾ ಎಂಟು ಮಂದಿ ಹತರ ಕುಟುಂಬಗಳಿಗೆ 3.83 ಕೋಟಿ ಡಾಲರ್ ಕೊಡಬೇಕೆಂದು 2024ರ ಜೂನ್‌ನಲ್ಲಿ ಫ್ಲಾರಿಡಾದ ತೀರ್ಪುಗಾರರ ಮಂಡಳಿ ಹೇಳಿತು. ಅಲ್ಲಿ ಕೆಲಸಕ್ಕೆ ಬಂದದ್ದು ಕೊಲಂಬಿಯಾದ ಸಾಮಾನ್ಯ ಪರಿಹಾರ ಕಾನೂನು.

ನಿಜವಾದ ತಿರುವು ಬಂದದ್ದು ಬ್ರಿಟನ್ನಿನಲ್ಲಿ, ಅದೂ ಭಾರತೀಯ ಮೂಲದ ಉದ್ಯಮಿಯೊಬ್ಬರ ಕಂಪನಿಯ ಪ್ರಕರಣದಲ್ಲಿ. ಆಫ್ರಿಕಾದ ಜಾಂಬಿಯಾದಲ್ಲಿ, ಚಿಂಗೊಲಾ ಪಟ್ಟಣದ ಬಳಿ ನ್ಚಾಂಗಾ ಎಂಬ ತಾಮ್ರದ ಗಣಿ ಇದೆ. ಅದನ್ನು ನಡೆಸುತ್ತಿದ್ದ ಕೊಂಕೊಲಾ ಕಾಪರ್ ಮೈನ್ಸ್‌ನ ಹೆಚ್ಚಿನ ಷೇರು ಲಂಡನ್ ಮೂಲದ ವೇದಾಂತ ಸಮೂಹದ್ದು, ಉಳಿದದ್ದು ಜಾಂಬಿಯಾ ಸರ್ಕಾರದ್ದು. ಗಣಿಯಿಂದ ಹರಿದು ಬರುವ ವಿಷಯುಕ್ತ ನೀರು ಹಳ್ಳ, ನದಿಗಳನ್ನು ಸೇರುತ್ತಿದೆ, ಕುಡಿಯಲೂ ಹೊಲಕ್ಕೂ ಅದೇ ನೀರು ಎಂದು 1,826 ಹಳ್ಳಿಗರು 2015ರಲ್ಲಿ ಲಂಡನ್‌ನಲ್ಲಿ ದಾವೆ ಹೂಡಿದರು. ಇದು ಜಾಂಬಿಯಾದ ಕಂಪನಿಯ ವಿಷಯ, ಜಾಂಬಿಯಾದಲ್ಲೇ ನಡೆಯಲಿ ಎಂದು ವೇದಾಂತ ವಾದಿಸಿತು. 2019ರ ಏಪ್ರಿಲ್ 10ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹಳ್ಳಿಗರ ಪರ ನಿಂತಿತು.

ಆ ತೀರ್ಪಿನ ತರ್ಕ ಗಮನಿಸತಕ್ಕದ್ದು. ಷೇರು ಎಷ್ಟಿದೆ ಎಂಬುದು ಮುಖ್ಯವಲ್ಲ, ಅಂಗಸಂಸ್ಥೆಯ ಕೆಲಸದಲ್ಲಿ ಮೂಲ ಕಂಪನಿ ಎಷ್ಟರ ಮಟ್ಟಿಗೆ ಕೈಹಾಕುತ್ತಿತ್ತು, ಮೇಲ್ವಿಚಾರಣೆ ನಡೆಸುತ್ತಿತ್ತು, ಸಲಹೆ ಕೊಡುತ್ತಿತ್ತು ಎಂಬುದು ಮುಖ್ಯ ಎಂದು ಅದು ಹೇಳಿತು. ಇದಕ್ಕೆ ಸಾಕ್ಷಿ ಒದಗಿಸಿದ್ದು ವೇದಾಂತದ್ದೇ ವರದಿಗಳು. ಹೂಡಿಕೆದಾರರ ಮೆಚ್ಚುಗೆಗಾಗಿ ಹೊರತಂದ ಸುಸ್ಥಿರತೆಯ ವರದಿಯಲ್ಲಿ, ಸಮೂಹದ ಎಲ್ಲ ಗಣಿಗಳಲ್ಲೂ ಪರಿಸರ ಮಾನದಂಡಗಳನ್ನು ತಾನೇ ರೂಪಿಸಿ, ತರಬೇತಿ ಕೊಟ್ಟು, ಪಾಲನೆಯನ್ನು ಪರಿಶೀಲಿಸುವುದಾಗಿ ಕಂಪನಿ ಹೇಳಿಕೊಂಡಿತ್ತು. ಹಾಗಿದ್ದ ಮೇಲೆ ಹೊಣೆಯೂ ಇರಬಹುದು ಎಂದಿತು ನ್ಯಾಯಾಲಯ. ಜಾಂಬಿಯಾದಲ್ಲಿ ಇಂಥ ಪ್ರಕರಣಕ್ಕೆ ಸರ್ಕಾರಿ ಕಾನೂನು ನೆರವಿಲ್ಲ, ಗೆದ್ದರಷ್ಟೇ ಶುಲ್ಕ ಎಂಬ ಏರ್ಪಾಟಿಗೆ ಅವಕಾಶವಿಲ್ಲ, ಇಷ್ಟು ದೊಡ್ಡ ದಾವೆ ನಡೆಸಬಲ್ಲ ವಕೀಲರ ತಂಡವೂ ಇಲ್ಲ. ಹೀಗಿರುವಾಗ ಅಲ್ಲಿಗೇ ಹೋಗಿ ಎಂದರೆ ನ್ಯಾಯ ಸಿಗದು ಎಂದೂ ಅದು ಒಪ್ಪಿತು. 1986ರಲ್ಲಿ ನ್ಯೂಯಾರ್ಕ್‌ನಲ್ಲಿ ಭೋಪಾಲದ ಜನರಿಗೆ ಸಿಗದೇ ಹೋದದ್ದು ಇದೇ ವಿವೇಚನೆ. ಆದರೆ ಈ ದಾವೆಯೂ ಪೂರ್ಣ ವಿಚಾರಣೆಯವರೆಗೆ ಹೋಗಲಿಲ್ಲ. 2021ರ ಜನವರಿಯಲ್ಲಿ ಕಂಪನಿ ಹೊಣೆ ಒಪ್ಪಿಕೊಳ್ಳದೆ ರಾಜಿ ಮಾಡಿಕೊಂಡಿತು. ಎಷ್ಟು ಹಣ ಎಂಬುದನ್ನು ಬಹಿರಂಗಪಡಿಸಲಿಲ್ಲ.

2021ರಲ್ಲೇ ಇನ್ನೆರಡು ತೀರ್ಪುಗಳು ಬಂದವು. ನೈಜೀರಿಯಾದ ರೈತರು ಶೆಲ್ ವಿರುದ್ಧ 2008ರಲ್ಲಿ ಹೂಡಿದ್ದ ದಾವೆಯಲ್ಲಿ ಹೇಗ್‌ನ ಮೇಲ್ಮನವಿ ನ್ಯಾಯಾಲಯ ತೈಲ ಸೋರಿಕೆಗೆ ಪರಿಹಾರ ಕೊಡಿಸಿತು. ಕೊಳವೆಮಾರ್ಗದಲ್ಲಿ ಸೋರಿಕೆ ಪತ್ತೆ ವ್ಯವಸ್ಥೆ ಅಳವಡಿಸುವ ವಿಷಯದಲ್ಲಿ ಮೂಲ ಕಂಪನಿಗೂ ಕರ್ತವ್ಯವಿದೆ ಎಂದಿತು. ದಾವೆ ಹೂಡಿದವರಲ್ಲಿ ಕೆಲವರು ಅಷ್ಟರೊಳಗೆ ತೀರಿಹೋಗಿದ್ದರು. ಬ್ರಿಟನ್ನಿನ ಸುಪ್ರೀಂ ಕೋರ್ಟ್ ನೈಜೀರಿಯಾದ ಒಗಾಲೆ ಮತ್ತು ಬಿಲ್ಲೆ ಜನರ ಪ್ರಕರಣದಲ್ಲಿ, ಕಂಪನಿಯ ಒಳಗಿನ ಕಡತಗಳು ಹೊರಬರುವ ಮೊದಲೇ ದಾವೆಯನ್ನು ತಳ್ಳಿಹಾಕುವುದು ತಪ್ಪು ಎಂದಿತು. ಇಂಥ ಪ್ರಕರಣಗಳ ಜೀವಾಳ ಇರುವುದೇ ಈ ಕಡತಗಳಲ್ಲಿ. ಯಾವ ಯಂತ್ರ ನಿಲ್ಲಿಸಬೇಕು, ಯಾವ ಕೊಳವೆ ಬದಲಿಸಬೇಕು, ಎಷ್ಟು ಖರ್ಚು ಉಳಿಸಬೇಕು ಎಂದು ಬರೆದ ಟಿಪ್ಪಣಿ ಕಂಪನಿಯ ಕಪಾಟಿನಲ್ಲಿರುತ್ತದೆ. ಹಳ್ಳಿಗನ ಹತ್ತಿರ ಇರುವುದು ಕೆಟ್ಟ ನೀರು ಮತ್ತು ರೋಗ ಮಾತ್ರ. ನಿರ್ಧಾರ ಯಾರದ್ದೆಂದು ಅವನೇ ಸಾಬೀತು ಮಾಡಬೇಕು ಎಂಬ ನಿಯಮ ಮೊದಲಿನಿಂದಲೂ ಅನ್ಯಾಯದ ನಿಯಮ.

ಷೇರಿನ ಸಂಬಂಧವೂ ಇಲ್ಲದ ಕಡೆ ಏನು ಮಾಡಬೇಕು? ಬಟ್ಟೆ ಉದ್ಯಮದಲ್ಲಿ ಎದುರಾಗುವ ಪ್ರಶ್ನೆ ಇದು. ಯುರೋಪಿನ ಬ್ರ್ಯಾಂಡ್‌ಗೆ ಬಾಂಗ್ಲಾದೇಶದಲ್ಲಿ ಸ್ವಂತ ಕಾರ್ಖಾನೆ ಇರುವುದಿಲ್ಲ. ಅದು ಗುತ್ತಿಗೆಗೆ ಹೊಲಿಸುತ್ತದೆ, ಗುತ್ತಿಗೆ ಹಿಡಿದವನು ಉಪಗುತ್ತಿಗೆ ಕೊಡುತ್ತಾನೆ. ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡದಲ್ಲಿ 2013ರ ಏಪ್ರಿಲ್ 23ರಂದು ಬಿರುಕು ಕಾಣಿಸಿತು. ಕೆಳಗಿನ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಗಾರ್ಮೆಂಟ್ಸ್‌ನವರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆಸಿದರು. ಕಟ್ಟಡ ಕುಸಿದು 1,134 ಮಂದಿ ಸತ್ತರು. ಯಾವ ಬ್ರ್ಯಾಂಡ್‌ಗೆ ಅಲ್ಲಿ ಬಟ್ಟೆ ಹೊಲಿಯುತ್ತಿದ್ದರು ಎಂಬುದನ್ನು ತಿಳಿಯಲು ಕಾರ್ಮಿಕ ಕಾರ್ಯಕರ್ತರು ಅವಶೇಷಗಳಡಿ ಲೇಬಲ್ ಹುಡುಕಿ ತೆಗೆಯಬೇಕಾಯಿತು. ಕೊಳ್ಳುವವರ ನೇಮಕದ ತಪಾಸಣೆಗಾರರು ಮೊದಲು ಬಂದು ಹೋಗಿದ್ದರೂ ಕಟ್ಟಡದ ದುರ್ಬಲತೆ ಅವರ ವರದಿಗೆ ಬಂದಿರಲಿಲ್ಲ. ಆಮೇಲೆ ಬ್ರ್ಯಾಂಡ್‌ಗಳೂ ಕಾರ್ಮಿಕ ಸಂಘಟನೆಗಳೂ ಸೇರಿ ಮಾಡಿಕೊಂಡ ಬಾಂಗ್ಲಾದೇಶ ಅಕಾರ್ಡ್ ಒಪ್ಪಂದ ಬೇರೆ ಬಗೆಯದಾಗಿತ್ತು. ಅದು ಬರೀ ಭರವಸೆಯ ಪತ್ರವಲ್ಲ. ಮುರಿದರೆ ಮಧ್ಯಸ್ಥಿಕೆಗೂ ನ್ಯಾಯಾಲಯಕ್ಕೂ ಎಳೆಯಬಹುದಾದ ಕರಾರು. ಬಾಂಗ್ಲಾದೇಶದ ಎಷ್ಟೋ ಕಾರ್ಖಾನೆಗಳಿಗೆ ಬೆಂಕಿ ತಡೆಯುವ ಬಾಗಿಲು, ತುರ್ತು ಮೆಟ್ಟಿಲು, ಗಟ್ಟಿ ಕಂಬಗಳು ಬಂದದ್ದು ಅದರ ದೆಸೆಯಿಂದ.

ಕರ್ನಾಟಕದಲ್ಲೂ ಇದೇ ಬಗೆಯ ಒತ್ತಡ ಕೆಲಸ ಮಾಡಿದ ಉದಾಹರಣೆ ಇದೆ. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಕನಿಷ್ಠ ವೇತನದ ಜೊತೆ ತಿಂಗಳಿಗೆ 417 ರೂಪಾಯಿ ಹೆಚ್ಚುವರಿ ತುಟ್ಟಿಭತ್ಯೆ ಸಿಗಬೇಕಿತ್ತು. ಕೋವಿಡ್ ಕಾರಣ ಹೇಳಿ ರಾಜ್ಯದ ಕಾರ್ಮಿಕ ಇಲಾಖೆ ಅದನ್ನು ಮುಂದೂಡಿತು. ಕಾರ್ಮಿಕ ಸಂಘಗಳು ಹೈಕೋರ್ಟ್‌ಗೆ ಹೋದವು; ಭತ್ಯೆ ಕೊಡಬೇಕೆಂದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆದೇಶವಾಯಿತು. ಆದರೂ ಬೆಂಗಳೂರು ಮತ್ತು ಸುತ್ತಲಿನ ಕಾರ್ಖಾನೆಗಳಲ್ಲಿ ಸುಮಾರು ನಾಲ್ಕು ಲಕ್ಷ ಕಾರ್ಮಿಕರಿಗೆ ಹಣ ಬರಲಿಲ್ಲ. ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. 417 ರೂಪಾಯಿ ಎಂದರೆ ಮನೆಯ ಅರ್ಧ ಸಿಲಿಂಡರಿನ ಗ್ಯಾಸು, ಮಗುವಿನ ತಿಂಗಳ ಬಸ್ ಖರ್ಚು. ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಸಂಸ್ಥೆ ಈ ಬಾಕಿಯ ಲೆಕ್ಕ ತೆಗೆದು, ಇಲ್ಲಿಂದ ಬಟ್ಟೆ ಕೊಳ್ಳುವ ಬ್ರ್ಯಾಂಡ್‌ಗಳ ಮುಂದಿಟ್ಟಿತು. ಅವು ಪಟ್ಟು ಹಿಡಿದ ಮೇಲೆ ದೊಡ್ಡ ತಯಾರಕರು ಬಾಕಿ ಕೊಡಲು ಒಪ್ಪಿದರು. ಹೈಕೋರ್ಟಿನ ಆದೇಶಕ್ಕೆ ಬಾಗದವರು ಗಿರಾಕಿಯ ಮಾತಿಗೆ ಬಾಗಿದರು. ಸಂಬಳ ಕೈಸೇರಿದ್ದು ಸಂತೋಷದ ವಿಷಯವೇ. ಆದರೆ ನೆಲದ ಕಾನೂನಿಗೆ ಆದ ಅವಮಾನವೂ ಅಷ್ಟೇ ನಿಜ.

ಗಿರಾಕಿಯ ಈ ಶಕ್ತಿಯನ್ನು ಅವನ ಮರ್ಜಿಗೆ ಬಿಡದೆ ಕಾನೂನಿನ ಕರ್ತವ್ಯವನ್ನಾಗಿ ಮಾಡಿದ್ದು ಯುರೋಪಿನ ಹೊಸ ಕಾಯಿದೆಗಳು. ರಾಣಾ ಪ್ಲಾಜಾದ ಆಘಾತದ ನಂತರ ಫ್ರಾನ್ಸ್ 2017ರ ಮಾರ್ಚ್‌ನಲ್ಲಿ ಮೊದಲ ಹೆಜ್ಜೆ ಇಟ್ಟಿತು. ದೇಶದೊಳಗೆ 5,000 ಅಥವಾ ಜಗತ್ತಿನಾದ್ಯಂತ 10,000 ನೌಕರರಿರುವ ಕಂಪನಿಗಳು ತಮ್ಮ ಅಂಗಸಂಸ್ಥೆ, ಗುತ್ತಿಗೆದಾರ, ಪೂರೈಕೆದಾರರಿಂದ ಎಲ್ಲಿ ಹಕ್ಕುಗಳ ಉಲ್ಲಂಘನೆ ಆಗಬಹುದು ಎಂದು ಮೊದಲೇ ಗುರುತಿಸಿ, ತಡೆಯುವ ಯೋಜನೆ ಪ್ರಕಟಿಸಿ, ಅದನ್ನು ಜಾರಿ ಮಾಡಬೇಕು. ಮಾಡದೆ ಹಾನಿಯಾದರೆ ದಾವೆ ಎದುರಿಸಬೇಕು. ಜರ್ಮನಿಯ ಕಾಯಿದೆ 2023ರಿಂದ ಜಾರಿಗೆ ಬಂತು. ದೊಡ್ಡ ಕಂಪನಿಗಳಿಗೆ ವಾರ್ಷಿಕ ವಹಿವಾಟಿನ ಶೇಕಡಾ 2ರವರೆಗೆ ದಂಡಕ್ಕೆ ಅವಕಾಶ ಇಟ್ಟಿತು. 2024ರಲ್ಲಿ ಯುರೋಪಿಯನ್ ಒಕ್ಕೂಟ ಎಲ್ಲ ಸದಸ್ಯ ದೇಶಗಳಿಗೂ ಅನ್ವಯಿಸುವ ನಿರ್ದೇಶನ ತಂದಿತು. ಮರುವರ್ಷವೇ, ಉದ್ಯಮಗಳಿಗೆ ಹೊರೆಯಾಗುತ್ತಿದೆ ಎಂಬ ಕೂಗಿಗೆ ಮಣಿದು, ಅದರ ಜಾರಿಯನ್ನು ಮುಂದೂಡಿ ವ್ಯಾಪ್ತಿಯನ್ನು ಕುಗ್ಗಿಸಲು ಹೊರಟಿತು. ಹೀಗೆ ಹಿಂದೆ ಸರಿದದ್ದು ದೊಡ್ಡ ತಪ್ಪು. ಹೊರೆ ಎಂದು ಅವರು ಕರೆದದ್ದನ್ನು ಇಷ್ಟು ದಿನ ಹೊತ್ತವರು ಹೊಲಿಗೆ ಯಂತ್ರದ ಮುಂದೆ, ಗಣಿಯ ಬಾಯಲ್ಲಿ ಕೂತವರು.

ವಿಶ್ವಸಂಸ್ಥೆಯ ಮಟ್ಟದಲ್ಲಿ ಇಂದಿಗೂ ಆಧಾರವಾಗಿರುವುದು 2011ರ ಜೂನ್‌ನಲ್ಲಿ ಮಾನವ ಹಕ್ಕು ಮಂಡಳಿ ಸರ್ವಾನುಮತದಿಂದ ಒಪ್ಪಿದ ಮಾರ್ಗದರ್ಶಿ ಸೂತ್ರಗಳು. ಅವುಗಳನ್ನು ರೂಪಿಸಿದವರು ಪ್ರಾಧ್ಯಾಪಕ ಜಾನ್ ರಗ್ಗಿ. ಹಕ್ಕುಗಳನ್ನು ಕಾಯುವುದು ಸರ್ಕಾರದ ಕರ್ತವ್ಯ, ಗೌರವಿಸುವುದು ಕಂಪನಿಯ ಜವಾಬ್ದಾರಿ, ಹಾನಿಯಾದರೆ ಪರಿಹಾರ ಸಿಗಲೇಬೇಕು ಎಂಬುದು 31 ಸೂತ್ರಗಳ ತಿರುಳು. ಇವು ಕಾನೂನಲ್ಲ, ಪಾಲಿಸದಿದ್ದರೆ ಶಿಕ್ಷೆಯೂ ಇಲ್ಲ. ಕಡ್ಡಾಯದ ಒಪ್ಪಂದವೇ ಬೇಕು ಎಂದು ಈಕ್ವೆಡಾರ್ ಮತ್ತು ದಕ್ಷಿಣ ಆಫ್ರಿಕಾ 2014ರಲ್ಲಿ ನಿರ್ಣಯ ತಂದಾಗ ಭಾರತ ಅದರ ಪರ ಮತ ಹಾಕಿತು. ಹೆಚ್ಚಿನ ಬಹುರಾಷ್ಟ್ರೀಯ ಕಂಪನಿಗಳ ತವರಾದ ಶ್ರೀಮಂತ ದೇಶಗಳು ವಿರೋಧಿಸಿದವು. ಕರಡಿನ ಮೇಲೆ ಮಾತುಕತೆ ಇನ್ನೂ ನಡೆಯುತ್ತಲೇ ಇದೆ.

ವಿಶ್ವಸಂಸ್ಥೆಯಲ್ಲಿ ಹಾಗೆ ಮತ ಹಾಕಿದ ಭಾರತ ತನ್ನ ನೆಲದಲ್ಲಿ ಏನು ಮಾಡಿದೆ? ನ್ಯಾಯಾಲಯಗಳಿಂದ ಕೆಲವು ಗಟ್ಟಿ ಆದೇಶಗಳು ಬಂದಿವೆ. 2013ರ ಏಪ್ರಿಲ್ 18ರ ಒಂದೇ ದಿನ ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ತೆಗೆಯಬೇಕೇ ಬೇಡವೇ ಎಂಬುದನ್ನು ಅಲ್ಲಿನ ಡೋಂಗ್ರಿಯಾ ಕೋಂಧರ ಗ್ರಾಮಸಭೆಗಳ ಮುಂದಿಡಬೇಕು ಎಂದು ಒಂದು ಹೇಳಿತು; 12 ಗ್ರಾಮಸಭೆಗಳೂ ಬೇಡ ಎಂದವು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ಮೇಲೆ ಬಂದ ಇನ್ನೊಂದು ತೀರ್ಪು ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳನ್ನು ಅಕ್ರಮದ ಪ್ರಮಾಣದ ಮೇಲೆ ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಎತ್ತಿಹಿಡಿದು, ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಎರಡೂ ಕಡೆ ಗೆಲುವು ಸಿಕ್ಕಿದ್ದು ಜನಸಂಘಟನೆಗಳ ಹಟದಿಂದ. ಕರ್ನಾಟಕದಲ್ಲಿ ಅದಕ್ಕೆ ಅಕ್ರಮ ಗಣಿಗಾರಿಕೆ ಕುರಿತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಲೋಕಾಯುಕ್ತ ವರದಿಯ ಬಲವೂ ಇತ್ತು.

ಶಾಸನದ ಕಡೆಯಿಂದ ಬಂದದ್ದು ಕಡಿಮೆ. 2013ರ ಕಂಪನಿ ಕಾಯಿದೆಯ 135ನೇ ಕಲಮು ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡಾ 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು ಎನ್ನುತ್ತದೆ. ಶಾಲೆಗೆ ಬೆಂಚು, ಊರಿಗೆ ಶೌಚಾಲಯ, ಆಸ್ಪತ್ರೆಗೆ ಆಂಬುಲೆನ್ಸ್ ಬರುತ್ತವೆ. ಒಳ್ಳೆಯದೇ. ಆದರೆ ಹಾನಿ ಮಾಡಿದವನು ದಾನ ಕೊಟ್ಟರೆ ಹೊಣೆ ತೀರುವುದಿಲ್ಲ. ಕೆಟ್ಟ ಕೆರೆಯ ಪಕ್ಕ ಕುಡಿಯುವ ನೀರಿನ ಘಟಕ ಕಟ್ಟಿಸಿದರೆ ಕೆರೆ ಸರಿಹೋಗುವುದಿಲ್ಲ. ಉದ್ಯಮ ಮತ್ತು ಮಾನವ ಹಕ್ಕುಗಳ ರಾಷ್ಟ್ರೀಯ ಕಾರ್ಯಯೋಜನೆಯ ಮೊದಲ ಕರಡು ಬಂದು ವರ್ಷಗಳಾದವು, ಅಂತಿಮ ಯೋಜನೆಯ ಸುಳಿವಿಲ್ಲ. ಫ್ರಾನ್ಸಿನ ಮಾದರಿಯ ಕಡ್ಡಾಯ ಕಾಯಿದೆ ಭಾರತದಲ್ಲಿ ಇಲ್ಲ. ಅಂಥದೊಂದು ಬೇಕೇ ಬೇಕು. ಹಿಡಿತ ಇದ್ದ ಕಡೆ ಹೊಣೆಯೂ ಇರಬೇಕು. ಒಳಗಿನ ಕಡತಗಳನ್ನು ತೋರಿಸುವ ಭಾರ ಕಂಪನಿಯ ಮೇಲಿರಬೇಕು. ಸಂತ್ರಸ್ತರನ್ನು ಕೇಳದೆ ಸರ್ಕಾರ ಅವರ ಹೆಸರಿನಲ್ಲಿ ರಾಜಿ ಮಾಡಿಕೊಳ್ಳುವಂತಿರಬಾರದು. ಹೊರದೇಶಗಳಲ್ಲಿ ಗಣಿ, ತೋಟ, ಕಾರ್ಖಾನೆ ನಡೆಸುವ ಭಾರತೀಯ ಕಂಪನಿಗಳಿಗೂ ಇದೇ ನಿಯಮ ಅನ್ವಯಿಸಬೇಕು.

ಕಾಯಿದೆ ಬರುವವರೆಗೆ ಕೈಯಲ್ಲಿರುವ ಸಾಧನವೊಂದನ್ನು ಬಳಸಬಹುದು. ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಪ್ರತಿ ವರ್ಷ ಷೇರುಪೇಟೆ ನಿಯಂತ್ರಕ ಸೆಬಿ ಸೂಚಿಸಿದ ಜವಾಬ್ದಾರಿ ಮತ್ತು ಸುಸ್ಥಿರತೆಯ ವರದಿ ಸಲ್ಲಿಸಲೇಬೇಕು. ಕನಿಷ್ಠ ವೇತನ, ಕೆಲಸದ ಜಾಗದ ಅಪಘಾತ, ಲೈಂಗಿಕ ಕಿರುಕುಳದ ದೂರು, ಮಾನವ ಹಕ್ಕುಗಳ ತರಬೇತಿ ಎಲ್ಲಕ್ಕೂ ಅದರಲ್ಲಿ ಕಂಪನಿಯೇ ಉತ್ತರ ಬರೆಯಬೇಕು. ಷೇರು ವಿನಿಮಯ ಕೇಂದ್ರಗಳ ಜಾಲತಾಣದಲ್ಲಿ ಯಾರು ಬೇಕಾದರೂ ಅವುಗಳನ್ನು ಓದಬಹುದು. ಜಾಂಬಿಯಾದ ಹಳ್ಳಿಗರಿಗೆ ಲಂಡನ್‌ನ ಬಾಗಿಲು ತೆರೆದದ್ದು ಇಂಥದೇ ಒಂದು ವರದಿ. ಕಾರ್ಖಾನೆಯ ಪಕ್ಕದ ಗ್ರಾಮ ಪಂಚಾಯಿತಿಗಳು, ಕಾರ್ಮಿಕ ಸಂಘಗಳು, ವಕೀಲರು ಇವನ್ನು ತರಿಸಿಕೊಂಡು, ಬರೆದದ್ದಕ್ಕೂ ನೆಲದ ಮೇಲೆ ಇರುವುದಕ್ಕೂ ತಾಳೆ ನೋಡಲಿ. ತಾಳೆಯಾಗದ ಕಡೆ ಪ್ರಶ್ನೆ ಕೇಳಲಿ, ಬರಹದಲ್ಲಿ ಕೇಳಲಿ, ಉತ್ತರವನ್ನು ಜೋಪಾನವಾಗಿ ಎತ್ತಿಟ್ಟುಕೊಳ್ಳಲಿ.